ಸುಮ್ನೆ ಒಂದು ಸುತ್ತು

"ಪಾರ್ಕಿಗಾ? ಏನಕ್ಕೆ?" ಎಂದ ಬೋರಣ್ಣ.

"ಸುಮ್ನೆ," ಎಂದಳು ಸಿದ್ದಗಂಗಮ್ಮ.

ಆ ಒಂದು ಮಾತಿಗೆ ಬೋರಣ್ಣನ ಪಿತ್ತ ನೆತ್ತಿಗೇರಿತು. ಆಸ್ಪತ್ರೆಗೆ ಅಂದಿದ್ದರೆ ಆಟೋ ಕರೆಸುತ್ತಿದ್ದ. ಬನಶಂಕರಮ್ಮನ ಗುಡಿಗೆ ಅಂದಿದ್ದರೆ ತಾನೇ ಎತ್ತಿ ಕೂರಿಸಿಕೊಂಡು ಹೋಗಿ, ನಿಂಬೆಹಣ್ಣಿನ ದೀಪ ಹಚ್ಚಿಸಿ, ಹೂವು ಮುಡಿಸಿ ಕರೆದುಕೊಂಡು ಬರುತ್ತಿದ್ದ. ತಂಗಿಗೆ ಏನು ಕಡಿಮೆ ಮಾಡಿದ್ದಾನೆ ಆತ? ಸಾರಕ್ಕಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಆದರೆ ಸುಮ್ಮನೆ ಹೋಗುತ್ತೇನೆ ಅಂದರೆ, ಅದೂ ಒಬ್ಬಳೇ ಹೋಗುತ್ತೇನೆ ಅಂದರೆ, ಮನುಷ್ಯ ಅದಕ್ಕೆ ಏನು ವ್ಯವಸ್ಥೆ ಮಾಡಬೇಕು?

"ಭಾನುವಾರ ನಾನೇ ತಳ್ಕೊಂಡು ಹೋಗ್ತೀನಿ," ಎಂದ.

"ನೀನು ತಳ್ಕೊಂಡು ಹೋದ್ರೆ ಅದು ನೀನು ಹೋದ ಹಾಗೆ. ನಾನು ಹೋದ ಹಾಗಲ್ಲ."

"ಬಿದ್ರೆ?"

"ಬಿದ್ರೆ ಎದ್ದೇಳ್ತೀನಿ. ಇಲ್ಲ ಯಾರಾದ್ರೂ ಎತ್ತಿ ಕೂರಿಸ್ತಾರೆ."

"ಊರೋರು ಏನಂತಾರೆ? ಬೋರಣ್ಣ ತಂಗೀನ ಬೀದಿಗೆ ಬಿಟ್ಟ ಅಂತಾರೆ."

ಒಲೆಯ ಮುಂದಿದ್ದ ಅತ್ತಿಗೆ ರುದ್ರಮ್ಮ ಅಲ್ಲಿಂದಲೇ, "ಊರೋರು ಎಲ್ಲವ್ರೆ ಈಗ? ಇರೋರೆಲ್ಲ ಬಾಡಿಗೇವ್ರು," ಎಂದಳು. ಬೋರಣ್ಣ ಅದನ್ನು ಕೇಳಿಸಿಕೊಳ್ಳದವನಂತೆ ಮೀಸೆ ಸವರಿಕೊಂಡ.

ಗಂಗಮ್ಮನಿಗೆ ಆಗ ಮೂವತ್ತೆಂಟು. ಮೂರನೇ ವರ್ಷಕ್ಕೆ ಜ್ವರ ಬಂದು ಎರಡೂ ಕಾಲು ಸೋತಿದ್ದವು. ಅಪ್ಪ ಚಿಕ್ಕಬೈರಪ್ಪ ನಾಟಿ ವೈದ್ಯರನ್ನೂ ಡಾಕ್ಟರರನ್ನೂ ಸುತ್ತಿ ಸುಸ್ತಾಗಿ, ಕೊನೆಗೆ ಮಗಳನ್ನು ತನ್ನ ಎತ್ತಿನ ಗಾಡಿಯ ಮೇಲೆ ಕೂರಿಸಿಕೊಂಡು ಓಡಾಡತೊಡಗಿದ. ಹತ್ತನೇ ವಯಸ್ಸಿಗೆ ಹಗ್ಗ ಕೈಗೆ ಕೊಟ್ಟ. ಹನ್ನೆರಡಕ್ಕೆ ಗೊಬ್ಬರದ ಗಾಡಿಯನ್ನು ಹೊಲಕ್ಕೆ ಹೊಡೆಯುತ್ತಿದ್ದಳು, ಹದಿನೈದಕ್ಕೆ ಸೊಪ್ಪಿನ ಗಾಡಿಯನ್ನು ಸಿಟಿ ಮಾರ್ಕೆಟ್ಟಿಗೆ. ಕೆಂದ, ಬೂದ ಅಂತ ಎರಡು ಎತ್ತು. ಅವಳು ನಾಲಿಗೆ ಲೊಚಗುಟ್ಟಿದರೆ ಸಾಕು, ಬಾರುಕೋಲೇ ಬೇಡ. ಆ ಎಂಟು ಕಾಲಿನ ಹಿಂದೆ ಕೂತವಳಿಗೆ ತನಗೆ ಎರಡು ಕಾಲಿಲ್ಲ ಅನ್ನುವುದು ಎಷ್ಟೋ ದಿನ ನೆನಪೇ ಆಗುತ್ತಿರಲಿಲ್ಲ.

ಆಮೇಲೆ ಬಡಾವಣೆ ಬಂತು. ಹೊಲಕ್ಕೆ ಸರ್ಕಾರದವರು ಕಲ್ಲು ನೆಟ್ಟರು, ಅಪ್ಪ ಅದೇ ಕೊರಗಿನಲ್ಲಿ ಹೋದ. ಉಳಿದ ಜಾಗದಲ್ಲಿ ಬೋರಣ್ಣ ಆರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟ. ಹೊಲವಿಲ್ಲದ ಮೇಲೆ ಎತ್ತು ಯಾಕೆ ಅಂತ ಒಂದು ಸೋಮವಾರ ಕೆಂದ ಬೂದ ಎರಡನ್ನೂ ಆನೇಕಲ್ ಕಡೆಯವರಿಗೆ ಮಾರಿದ. ಅದಾಗಿ ಹನ್ನೆರಡು ವರ್ಷ. ಹನ್ನೆರಡು ವರ್ಷದಿಂದ ಗಂಗಮ್ಮ ಜಗಲಿಯ ಮೇಲೆ ಕೂತು ಹೂ ಕಟ್ಟಿದ್ದಾಳೆ, ಅವರೆಕಾಯಿ ಸುಲಿದಿದ್ದಾಳೆ, ಬೀದಿಯಲ್ಲಿ ಹೋಗುವವರನ್ನು ಎಣಿಸಿದ್ದಾಳೆ. ಬೋರಣ್ಣ ಕೆಟ್ಟವನಲ್ಲ. ಅವನಿಗೆ ಆ ದಿನ ತಾನು ಮಾರಿದ್ದು ಬರೀ ಎತ್ತು ಅಂತಲೇ ಅನ್ನಿಸಿತ್ತು.

ಗಾಲಿಕುರ್ಚಿ ಮನೆಗೆ ಬಂದದ್ದು ಆಕಸ್ಮಿಕ. ಮೂರನೇ ಮನೆಯಲ್ಲಿದ್ದ ಬ್ಯಾಂಕಿನವರಿಗೆ ವರ್ಗವಾಯಿತು. ತೀರಿಹೋದ ಅವರ ತಂದೆಯ ಕುರ್ಚಿಯನ್ನು ಲಾರಿಗೆ ಹಾಕಿಕೊಳ್ಳಲು ಮನಸ್ಸಾಗದೆ ಜಗಲಿಯ ಪಕ್ಕ ಬಿಟ್ಟುಹೋದರು. ತುಕ್ಕು ಹಿಡಿದಿತ್ತು, ಸೀಟು ಹರಿದಿತ್ತು. ಗಂಗಮ್ಮ ಸೈಕಲ್ ಶಾಪಿನ ಪಿಳ್ಳಣ್ಣನನ್ನು ಕರೆಸಿದಳು. ಅವನು ಬೇರಿಂಗ್ ಬದಲಾಯಿಸಿ, ಗ್ರೀಸ್ ತುಂಬಿ, ಟೈರ್ ಹಾಕಿ, "ಈಗ ನೋಡಕ್ಕಾ, ಸಖತ್ತಾಗಿ ಓಡ್ತದೆ," ಅಂದ. ತಿಂಗಳಿಡೀ ಅಂಗಳದಲ್ಲಿ ಹಿಂದೆ ಮುಂದೆ ಓಡಿಸಿ, ಚಕ್ರದ ಹೊರಗಿನ ಕಬ್ಬಿಣದ ಬಳೆಯನ್ನು ಹಿಡಿದು ತಿರುಗಿಸುವುದನ್ನು ಕಲಿತಳು. ಮನೆಯವರೆಲ್ಲ ಅದನ್ನು ಕುರ್ಚಿ ಅಂದರೆ ಅವಳು ಮಾತ್ರ ಗಾಡಿ ಅನ್ನುತ್ತಿದ್ದಳು.

ಜಗಳ ಮೂರು ದಿನ ನಡೆಯಿತು. ಮೂರನೇ ದಿನ ಗಂಗಮ್ಮ ಬಾಯಿಬಿಟ್ಟು ಅಂದೇಬಿಟ್ಟಳು.

"ನೀನು ಎತ್ತು ಮಾರಿದ ದಿನ ನನ್ನ ಕಾಲೂ ಮಾರ್ದೆ ಕಣಣ್ಣಾ. ನಾನು ಒಂದು ಮಾತು ಆಡಲಿಲ್ಲ. ಈಗ ದೇವ್ರು ಎರಡು ಗಾಲಿ ಕೊಟ್ಟವ್ನೆ. ಅದಕ್ಕೂ ನೀನೇ ಹಗ್ಗ ಹಿಡೀಬೇಕಾ?"

ಬೋರಣ್ಣನ ಮುಖ ಸಪ್ಪಗಾಯಿತು. ಆಮೇಲೆ ಪಂಚಾಯಿತಿಯಲ್ಲಿ ತೀರ್ಪು ಕೊಡುವವನ ಗತ್ತಿನಲ್ಲಿ ಹೇಳಿದ.

"ನಾಳೆ ಬೆಳಿಗ್ಗೆ ಪಾರ್ಕು. ಒಂದು ಸುತ್ತು. ಗೇಟಿಂದ ಹೊರಟು ಗೇಟಿಗೆ ಬರ್ಬೇಕು. ಯಾರೂ ಕುರ್ಚಿ ಮುಟ್ಟಬಾರದು, ನಾನೂ ಮುಟ್ಟಲ್ಲ. ಗೇಟ್ ಹತ್ರ ಬೆಂಚಿನ ಮೇಲೆ ಕೂತಿರ್ತೀನಿ. ಸುತ್ತಿ ಬಂದ್ಯಾ, ನಾಳಿದ್ದಿಂದ ಎಲ್ಲಿಗಾದ್ರೂ ಹೋಗು, ಏನಕ್ಕೆ ಅಂತ ಕೇಳಲ್ಲ. ಒಬ್ರು ಕೈ ಹಾಕಿದ್ರೂ ಮುಗೀತು, ಈ ಮಾತು ಮತ್ತೆ ಎತ್ತಂಗಿಲ್ಲ."

"ಆಗ್ಲಿ," ಎಂದಳು ಗಂಗಮ್ಮ.

ದಿಬ್ಬದ ಪಾರ್ಕು ಅಂತ ಜನ ಕರೆಯುವ ಆ ಪಾರ್ಕು ಇವರ ಮನೆಯಿಂದ ಮೂರು ಬೀದಿಯಾಚೆ. ಸಣ್ಣದೇನಲ್ಲ, ಒಂದು ಸುತ್ತು ಹಾಕಿದರೆ ಒಂದು ಮೈಲಿಗೆ ಮೋಸವಿಲ್ಲ. ತೆಂಕಲು ಕಡೆ ಗೇಟು, ಬಡಗಲು ಕಡೆ ಎತ್ತರದ ದಿಬ್ಬ, ನಡುಮಧ್ಯೆ ಅರಳಿಕಟ್ಟೆ. ಕಟ್ಟೆಯ ಮೇಲೆ ಎರಡು ನಾಗರಕಲ್ಲು. ಸುತ್ತ ಅಗಲವಾದ ಮಣ್ಣಿನ ದಾರಿ. ಚಿಕ್ಕ ಗೇಟಿಗೆ ಹಸು ನುಗ್ಗದ ಹಾಗೆ ಕೊಳವೆ ಬಗ್ಗಿಸಿ ಇಟ್ಟಿದ್ದರು. ಹಸುವಿಗೆ ಆಗದ್ದು ಗಾಲಿಕುರ್ಚಿಗೂ ಆಗದು. ಪುಣ್ಯಕ್ಕೆ ಗಿಡಗಳಿಗೆ ನೀರಿನ ಲಾರಿ ಬರುವ ಹೊತ್ತಾದ್ದರಿಂದ ದೊಡ್ಡ ಗೇಟು ಹಾರುಹೊಡೆದಿತ್ತು.

ಬೋರಣ್ಣ ಬೆಂಚಿನ ಮೇಲೆ ಕೂತ. ಗಂಗಮ್ಮ ಒಳಗೆ ಬಂದು, ಯಾವ ಕಡೆ ಹೊರಡಲಿ ಅಂತ ಒಂದು ಗಳಿಗೆ ನಿಂತಳು. ಅಷ್ಟರಲ್ಲಿ ಮಂಕಿಕ್ಯಾಪು, ಕ್ಯಾನ್ವಾಸ್ ಶೂ, ಕೈಯಲ್ಲೊಂದು ಬೆತ್ತ ಹಿಡಿದ ಹಿರಿಯರೊಬ್ಬರು ಬಂದರು. ರಿಟೈರ್ಡ್ ಹೆಡ್‌ಮಾಸ್ಟರ್ ಸಂಜೀವಯ್ಯ. ಅಲ್ಲಿ ಬೆಳಿಗ್ಗೆ ನಡೆಯುವವರಿಗೆಲ್ಲ ಅವರೇ ಯಜಮಾನರು, ಯಾರೂ ಆರಿಸಿರಲಿಲ್ಲ ಅಷ್ಟೆ.

"ಹೊಸಬರಾ ಅಮ್ಮಾ? ಎಡಗಡೆಯಿಂದ ಹೊರಡಿ. ನಡುವೆ ಅರಳಿಕಟ್ಟೆ ಇದೆ ನೋಡಿ, ದೇವರು ಬಲಕ್ಕೇ ಇರಬೇಕು. ನಾವೆಲ್ಲ ಪ್ರದಕ್ಷಿಣೆಯಾಗೇ ಹೋಗೋದು. ವ್ಯಾಯಾಮಕ್ಕೆ ವ್ಯಾಯಾಮ, ಪುಣ್ಯಕ್ಕೆ ಪುಣ್ಯ."

ನೋಡಿದರೆ ನಿಜ. ರಾಯರು, ಶೆಟ್ಟರು, ಸೀರೆಗೆ ಸ್ವೆಟರ್ ಹಾಕಿದ ಹೆಂಗಸರು, ಎಲ್ಲರೂ ಹರಕೆ ಹೊತ್ತವರಂತೆ ಒಂದೇ ದಿಕ್ಕಿಗೆ ಹೋಗುತ್ತಿದ್ದರು. ಹತ್ತು ಜನ ಹೋದ ದಾರಿಯಲ್ಲೇ ಹೋಗೋಣ ಅಂತ ಗಂಗಮ್ಮನೂ ಎಡಕ್ಕೆ ತಿರುಗಿಸಿದಳು.

ಮೊದಮೊದಲು ಸುಖವಾಗಿತ್ತು. ಮಣ್ಣು ಗಟ್ಟಿಯಾಗಿತ್ತು. ಪಕ್ಕದಲ್ಲಿ ಕಣಗಿಲೆ ಹೂ ಬಿಟ್ಟಿತ್ತು, ಕೈಗೆ ಎಟುಕುವಷ್ಟು ಹತ್ತಿರ. ಆಮೇಲೆ ಪಡುವಲು ಏರು ಶುರುವಾಯಿತು. ಗೋಡೆ ಹತ್ತಿದ ಹಾಗೆ ಏರು! ಬಳೆ ಹಿಡಿದು ಒಂದು ನೂಕು ನೂಕಿದರೆ ಎರಡು ಮೊಳ ಮುಂದೆ, ಕೈ ಬದಲಿಸುವಷ್ಟರಲ್ಲಿ ಒಂದು ಮೊಳ ಹಿಂದೆ. ಅರ್ಧಕ್ಕೆ ಬರುವಾಗ ತೋಳು ತರತರ ನಡುಗಿ, ಬೆವರು ಕಣ್ಣಿಗಿಳಿದು, ಗಾಡಿ ಹಿಂದಕ್ಕೆ ಜಾರತೊಡಗಿತು.

"ಇರಮ್ಮ ಇರು, ನಾನು ತಳ್ತೀನಿ!" ಸಂಜೀವಯ್ಯ ಬೆತ್ತ ಕಂಕುಳಿಗೆ ಸಿಕ್ಕಿಸಿಕೊಂಡು ಹಿಂದಿನಿಂದ ಎರಡೂ ಕೈ ಚಾಚಿದರು.

"ಮುಟ್ಟಬೇಡಿ ಸಾರ್! ನಿಮ್ಮ ದಮ್ಮಯ್ಯ ಅಂತೀನಿ, ಮುಟ್ಟಬೇಡಿ!"

ಅವಳು ಕಿರುಚಿದ ಕಿರುಚಿಗೆ ಮೇಷ್ಟ್ರು ಬಿಸಿ ತವಾ ಮುಟ್ಟಿದವರಂತೆ ಕೈ ಎಳೆದುಕೊಂಡರು. ಗಂಗಮ್ಮ ಒಂದು ಗಾಲಿಯನ್ನು ಬಿಗಿಹಿಡಿದು ಗಾಡಿಯನ್ನು ಏರಿಗೆ ಅಡ್ಡ ತಿರುಗಿಸಿದಳು. ಜಾರುವುದು ನಿಂತಿತು. ಉಸಿರು ಎಳೆದುಕೊಳ್ಳುತ್ತ ತಲೆಯೆತ್ತಿದಾಗ, ಪಾರ್ಕಿನ ಆಚೆ ಬದಿ, ಮೂಡಲು ಕಡೆ, ಅವಳಿಗೆ ಹೊಂಗೆಮರದ ಸಾಲು ಕಂಡಿತು.

ಅಯ್ಯೋ ನನ್ನ ಬುದ್ಧಿಗಿಷ್ಟು! ಆ ಮರಗಳನ್ನು ಅವಳು ಮರೆಯುವುದುಂಟೆ? ಬೇಲಿ, ಹೂಗಿಡ, ಹೊಸ ಮಣ್ಣಿನ ನಡುವೆ ಇಷ್ಟು ಹೊತ್ತು ಗುರುತು ಹತ್ತಿರಲಿಲ್ಲ, ಇದು ತಾನೇ ಗೊಬ್ಬರ ಸಾಗಿಸಿದ ದಿಬ್ಬ. ಈಗ ತಾನು ಹತ್ತಲು ಹೋದದ್ದು ಬುತ್ತಿ ಹೊತ್ತ ಹೆಂಗಸರು ಹೊಲಕ್ಕೆ ಹೋಗುತ್ತಿದ್ದ ಕಾಲುದಾರಿ. ತುಂಬಿದ ಗಾಡಿಯನ್ನು ಈ ಕಡೆ ಹತ್ತಿಸಿದವನನ್ನು ಸಾರಕ್ಕಿಯಲ್ಲಿ ಯಾರೂ ಕಂಡಿಲ್ಲ. ಗಾಡಿಯ ಜಾಡು ಮೂಡಲಲ್ಲಿ, ಆ ಹೊಂಗೆ ಸಾಲಿನ ನೆರಳಲ್ಲಿ, ನಿಧಾನಕ್ಕೆ ಸುತ್ತಿ ಸುತ್ತಿ ಹತ್ತುತ್ತಿತ್ತು. ಕಾಲಿರುವವರು ಹೇಳಿದ ದಾರಿ ಕೇಳಿಕೊಂಡು ಹೊರಟಿದ್ದಳಲ್ಲ, ಅವಳಿಗೇ ನಗು ಬಂತು.

ಗಾಡಿಯನ್ನು ತಿರುಗಿಸಿಕೊಂಡು ಮೆಲ್ಲಗೆ ಗೇಟಿಗೆ ಬಂದಳು. ಬೋರಣ್ಣ ಬೆಂಚಿನಿಂದ ಎದ್ದ. ಅವನ ದನಿಯಲ್ಲಿ ಗೆದ್ದ ಜಂಭವಿರಲಿಲ್ಲ, ಕರುಣೆಯಿತ್ತು. ಅದೇ ಅವಳನ್ನು ಹೆಚ್ಚು ಉರಿಸಿತು.

"ಹೋಗ್ಲಿ ಬಿಡವ್ವ. ನಡಿ ಮನೆಗೆ. ರುದ್ರಿ ದೋಸೆ ಹುಯ್ತಿರ್ತಾಳೆ."

"ಗೇಟಿಂದ ಗೇಟಿಗೆ ಅಂದೆ. ಯಾವ ಕಡೆಯಿಂದ ಅಂತ ನೀನು ಹೇಳ್ಲಿಲ್ಲ," ಎಂದು ಗಂಗಮ್ಮ ಗಾಡಿಯನ್ನು ಬಲಕ್ಕೆ ತಿರುಗಿಸಿದಳು.

"ಏ ಗಂಗೀ, ಅದು ಅಪ್ರದಕ್ಷಿಣೆ ಕಣೇ!"

"ದೇವ್ರು ಕೇಳಿದ್ರೆ ನಾನು ಹೇಳ್ಕೋತೀನಿ."

ಗಾಲಿ ಆ ಜಾಡಿಗೆ ಇಳಿದದ್ದೇ ತಡ, ಅವಳಿಗೆ ಗೊತ್ತಾಯಿತು. ಮೇಲೆ ಹೊಸ ಮಣ್ಣು ಹಾಕಿದ್ದರೇನಂತೆ, ನೆಲದ ಏರಿಳಿತ ಅದೇ. ಇಲ್ಲಿ ಸ್ವಲ್ಪ ಎಡಕ್ಕೆ ವಾಲುತ್ತದೆ, ವಾಲಿತು. ಇಲ್ಲಿ ಹತ್ತು ಮಾರು ಸಮ, ಕೈಗೆ ವಿಶ್ರಾಂತಿ. ಎದುರಿಗೆ ಇಳಿದು ಬರುತ್ತಿದ್ದ ವಾಕಿಂಗಿನವರು ತಬ್ಬಿಬ್ಬಾಗಿ ಅತ್ತಿತ್ತ ಸರಿದರು. "ಪಾಪ, ದಾರಿ ತಪ್ಪಿದ್ದಾರೆ ಅನ್ಸುತ್ತೆ," ಎಂದರು ಸ್ವೆಟರಿನ ಹೆಂಗಸೊಬ್ಬರು. ಪಾಪವಂತೆ! ಈ ಹಾಳು ಮಾತು ಕೇಳಿ ಕೇಳಿ ಅವಳ ಕಿವಿ ತೂತುಬಿದ್ದಿತ್ತು. "ತಪ್ಪಿಲ್ಲ ಆಂಟಿ, ಈಗ ಸಿಕ್ತು," ಎಂದು ಮುಂದೆ ಹೋದಳು.

ಸುಲಭವಾಗಿತ್ತು ಅಂತಲ್ಲ. ಮೂರನೇ ಹೊಂಗೆಯ ಹತ್ತಿರ ತೋಳು ಕೈಕೊಟ್ಟವು. ಗಾಡಿಯನ್ನು ಅಡ್ಡ ಹಾಕಿ ನಿಲ್ಲಿಸಿದಳು. ಕೆಂದ ಬೂದಗಳಿಗೆ ದಮ್ಮು ಹತ್ತಿದಾಗ ಅಪ್ಪ ಇಲ್ಲೇ, ಹೀಗೇ ಅಡ್ಡ ಹಾಕಿಸುತ್ತಿದ್ದ. "ಎತ್ತಿಗೆ ಅವಸರ ಮಾಡಬೇಡ ಮಗಾ, ದಿಬ್ಬ ಎಲ್ಲಿಗೂ ಓಡಿಹೋಗಲ್ಲ," ಅನ್ನುತ್ತಿದ್ದ. ಈಗ ಎತ್ತುಗಳ ಜಾಗದಲ್ಲಿ ಅವಳ ಎರಡು ತೋಳು. ಅವುಗಳನ್ನು ನೀವಿಕೊಂಡು, ನಾಲಿಗೆ ಲೊಚಗುಟ್ಟಿ ತನಗೆ ತಾನೇ ಹುಮ್ಮಸ್ಸು ತುಂಬಿಕೊಂಡು, ಮತ್ತೆ ಹೊರಟಳು. ಹೀಗೆ ನಾಲ್ಕು ಸಲ ನಿಂತು, ಐದನೇ ಸಲಕ್ಕೆ ದಿಬ್ಬದ ನೆತ್ತಿ ಮುಟ್ಟಿದಳು.

ಮೇಲೆ ಗಾಳಿ ತಣ್ಣಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ನೋಡಿದಳು. ಕೆಳಗೆ ಎಲ್ಲ ಕಡೆ ಮನೆ, ಮನೆ, ಮನೆ. ರಾಗಿ ಬೆಳೆಯುತ್ತಿದ್ದ ಕಡೆ ತಾರಸಿಗಳು, ತಾರಸಿಯ ಮೇಲೆ ಒಣಹಾಕಿದ ಬಟ್ಟೆ. ಸೊಪ್ಪಿನ ಮಡಿಯಿದ್ದಲ್ಲಿ ನೀರಿನ ಟ್ಯಾಂಕು. ದೂರದಲ್ಲಿ ಸಾರಕ್ಕಿ ಕೆರೆ ಇನ್ನೂ ಹೊಳೆಯುತ್ತಿತ್ತು. ಅಳು ಬರಬಹುದು ಅಂದುಕೊಂಡಿದ್ದಳು, ಬರಲಿಲ್ಲ. ಹೊಲ ಹೋಯಿತು, ನಿಜ. ಆದರೆ ತಾನು ಬಂದಿದ್ದೇನಲ್ಲ!

ಹೊರಡುವಾಗ ಅತ್ತಿಗೆ ಮಡಿಲಿಗೆ ಒಂದು ಗಂಟು ಹಾಕಿದ್ದಳು. ಬಿಚ್ಚಿದರೆ ಹುರಿಗಡಲೆ, ಒಂದು ಉಂಡೆ ಬೆಲ್ಲ. ಒಂದೊಂದೇ ಕಡಲೆ ಬಾಯಿಗೆ ಹಾಕಿಕೊಳ್ಳುತ್ತ ಕೂತಳು. ಅಳಿಲೊಂದು ಬಂತು, ಅದಕ್ಕೂ ನಾಲ್ಕು ಎಸೆದಳು. ಸಾಕಾಯಿತಾ ಅಂತ ಕೇಳುವವರಿಲ್ಲ, ಹೊರಡೋಣ ಅನ್ನುವವರಿಲ್ಲ, ಬಿಸಿಲು ಬಂತು ಅಂತ ನೆರಳಿಗೆ ಎತ್ತಿಡುವವರಿಲ್ಲ. ಹನ್ನೆರಡು ವರ್ಷದಲ್ಲಿ ಅವಳು ಇಷ್ಟು ಸುಮ್ಮನೆ ಕೂತದ್ದೇ ಇಲ್ಲ. ಎಷ್ಟು ಹೊತ್ತಾಯಿತೋ ಅವಳಿಗೆ ಗೊತ್ತಿಲ್ಲ.

ಗೊತ್ತಿದ್ದವನು ಬೋರಣ್ಣ. ಕೆಳಗೆ ಅವನು ವಾಚು ನೋಡಿ ನೋಡಿ ಸಾಕಾಗಿದ್ದ. ಮುಕ್ಕಾಲು ಗಂಟೆ, ಒಂದು ಗಂಟೆ. ಎಲ್ಲಿ ಬಿದ್ದಳೋ, ಏನು ಮಾಡಿಕೊಂಡಳೋ ಅಂತ ಜೀವ ಬಾಯಿಗೆ ಬಂದು, ಕೊನೆಗೆ ಪಂಚೆ ಎತ್ತಿ ಕಟ್ಟಿ ಹುಡುಕಲು ಹೊರಟ. ಅಷ್ಟು ಗಾಬರಿಯಲ್ಲೂ ಅವನ ಕಾಲು ಹೊರಟದ್ದು ಎಡಕ್ಕೇ. ತಂಗಿ ಬಲಕ್ಕೆ ಹೋದದ್ದನ್ನು ಕಣ್ಣಾರೆ ಕಂಡಿದ್ದ. ಆದರೂ ಅಪ್ರದಕ್ಷಿಣೆ ಹೋಗಲು ಧೈರ್ಯ ಬರಬೇಕಲ್ಲ!

ಅದೇ ಹೊತ್ತಿಗೆ ಗಂಗಮ್ಮ ಪಡುವಲು ಇಳಿಜಾರಿನ ತುದಿಯಲ್ಲಿ ನಿಂತಿದ್ದಳು. ಇಳಿಯುವುದು ಹತ್ತುವುದಕ್ಕಿಂತ ಭಯ. ಕೈ ಜಾರಿದರೆ ಗಾಡಿ ನೇರ ಹೋಗಿ ಬೇಲಿಗೆ ಬೀಳುತ್ತದೆ. ಕಡಲೆ ಕಟ್ಟಿದ್ದ ಬಟ್ಟೆಯನ್ನು ಎರಡಾಗಿ ಹರಿದು ಅಂಗೈಗಳಿಗೆ ಸುತ್ತಿಕೊಂಡಳು. ಖಾಲಿ ಗಾಡಿಯನ್ನು ಅಪ್ಪ ಒಮ್ಮೊಮ್ಮೆ ಈ ಕಡೆಯಿಂದ ಇಳಿಸುತ್ತಿದ್ದ. ನೇರ ಇಳಿಸಬಾರದು. ಓರೆಯಾಗಿ ಆ ಅಂಚಿಗೆ ಹೋಗಬೇಕು, ತಿರುಗಿ ಈ ಅಂಚಿಗೆ ಬರಬೇಕು. ಎರಡು ತಿರುವು ಸರಿಯಾಗಿ ಬಂತು. ಮೂರನೆಯದರಲ್ಲಿ ಎದುರಿಗೆ ಸಂಜೀವಯ್ಯ, ಅವರ ಹಿಂದೆ ಹತ್ತು ಹನ್ನೆರಡು ಜನ.

"ಅಮ್ಮಾ, ಏನಿದು? ಎದುರು ದಿಕ್ಕಿಗೆ ಬರ್ತಿದ್ದೀರಿ! ಅದೂ ನಾಗಪ್ಪ ಇರೋ ಜಾಗ," ಎಂದು ಮೇಷ್ಟ್ರು ಬೆತ್ತ ಅಡ್ಡ ಹಿಡಿದು ನಿಂತರು.

ಗಂಗಮ್ಮ ಎರಡೂ ಗಾಲಿಯನ್ನು ಒತ್ತಿಹಿಡಿದಳು. ಅಂಗೈ ಚುರುಗುಟ್ಟಿತು.

"ಆ ನಾಗರಕಲ್ಲು ನಿಲ್ಸಿದ್ದೇ ನಮ್ಮಜ್ಜಿ ಸಾರ್. ನಮ್ಮ ಗಾಡಿ ದಿನಾ ಮೂಡಲಿಂದ್ಲೇ ಹತ್ತುತಿತ್ತು. ನಾಗಪ್ಪ ಒಂದು ದಿನಾನೂ ಕಚ್ಚಿಲ್ಲ. ದಾರಿ ಬಿಡಿ, ಕೈ ಸೋಲ್ತಾ ಐತೆ."

ಮೇಷ್ಟ್ರು ಬೆತ್ತ ಇಳಿಸಲಿಲ್ಲ. ಅವರ ಹಿಂದಿನ ಜನರನ್ನು ಸೀಳಿಕೊಂಡು, ಏದುಸಿರು ಬಿಡುತ್ತ ಬೋರಣ್ಣ ಬಂದ. ಇಳಿಜಾರಿನಲ್ಲಿ ಅಡ್ಡ ನಿಂತ ತಂಗಿಯನ್ನು ಕಂಡದ್ದೇ, "ಅಯ್ಯೋ ಗಂಗೀ!" ಎಂದು ಎರಡೂ ಕೈ ಚಾಚಿ ಕುರ್ಚಿಯತ್ತ ನುಗ್ಗಿದ.

"ಅಣ್ಣಾ, ಮುಟ್ಟಬೇಡ!"

ಒಂದು ಗೇಣು ದೂರದಲ್ಲಿ ಅವನ ಕೈ ನಿಂತಿತು. ಮುಟ್ಟಿದರೆ ಅವನು ಗೆದ್ದ. ಅವಳು ನಾಳೆಯಿಂದ ಮತ್ತೆ ಜಗಲಿಗೆ. ಮುಟ್ಟದಿದ್ದರೆ, ಅವಳ ಕೈ ಜಾರಿದರೆ? ಅವನಿಗೆ ಅವಳ ಮುಖ ಕಾಣುತ್ತಿತ್ತು. ಭಯವಿತ್ತು ಅದರಲ್ಲಿ. ಆದರೆ ಆ ಭಯ ಇಳಿಜಾರಿನದಲ್ಲ, ಅವನ ಕೈಗಳದು. ತನ್ನ ಒಡಹುಟ್ಟಿದವಳು ತನಗೇ ಹೆದರುವ ಹಾಗೆ ತಾನು ಯಾವಾಗ ಆದೆ?

ಗಂಗಮ್ಮ ಅವನನ್ನೇ ನೋಡುತ್ತ ನಾಲಿಗೆ ಲೊಚಗುಟ್ಟಿದಳು, ಒಂದು ಗಾಲಿ ಸಡಿಲಿಸಿದಳು. ಗಾಡಿ ಓರೆಯಾಗಿ ಅಂಚಿಗೆ ಇಳಿಯಿತು, ನಿಂತಿತು, ತಿರುಗಿತು. ಆ ಲೊಚಗುಟ್ಟುವ ಸದ್ದನ್ನು ಬೋರಣ್ಣ ಹನ್ನೆರಡು ವರ್ಷದಿಂದ ಕೇಳಿರಲಿಲ್ಲ. ಅಪ್ಪ ಗಾಡಿಯ ಮುಂದೆ ಮುಂದೆ ಕೂಗುತ್ತ ನಡೆದು ಜನರನ್ನು ಸರಿಸುತ್ತಿದ್ದುದು ಅವನ ಕಣ್ಣಿಗೆ ಕಟ್ಟಿತು. ಇಸ್ಕೂಲಿಗೆ ಹೋಗುವ ಹುಡುಗನಾಗಿದ್ದಾಗ ಅಪ್ಪನ ಆ ಕೂಗಿಗೆ ನಾಚಿ ಅವನು ಬೇರೆ ಬೀದಿ ಹಿಡಿಯುತ್ತಿದ್ದ.

ಬೋರಣ್ಣ ಚಾಚಿದ ಕೈ ಇಳಿಸಿದ. ತಂಗಿಗೆ ಬೆನ್ನು ಹಾಕಿ, ಜನರ ಕಡೆ ತಿರುಗಿ, ಎದೆ ತುಂಬ ಉಸಿರು ಎಳೆದುಕೊಂಡ.

"ದಾರಿ ಬಿಡ್ರಪ್ಪೋ! ಗಾಡಿ ಬತ್ತಾ ಐತೆ! ದಾರಿ ಬಿಡಿ! ಮೇಷ್ಟ್ರೇ, ನಿಮಗೂ ಹೇಳ್ದೆ, ಗಾಡಿ, ಗಾಡಿ!"

ಪಾರ್ಕಿನ ಕಾಗೆಗಳೆಲ್ಲ ಹಾರಿಹೋದವು. ಸಂಜೀವಯ್ಯ ಬೆತ್ತ ಕೆಳಗಿಳಿಸಿ ಹುಲ್ಲಿಗೆ ಇಳಿದರು, ಅವರ ಹಿಂದೆ ಉಳಿದವರೂ ಇಳಿದರು. ದೇವರನ್ನು ಎಡಕ್ಕೆ ಹಾಕಿಕೊಂಡು ಬೋರಣ್ಣ ಮುಂದೆ ಮುಂದೆ ಕೂಗುತ್ತ ನಡೆದ. ಅವನ ಹಿಂದೆ ಗಂಗಮ್ಮ ಆ ಅಂಚಿಗೊಮ್ಮೆ ಈ ಅಂಚಿಗೊಮ್ಮೆ ಓಲಾಡುತ್ತ ಇಳಿದಳು. ಅವನು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ನೋಡಿದರೆ ಕೈ ಹಾಕಿಬಿಡುತ್ತೇನೆ ಅಂತ ಅವನಿಗೇ ಅವನ ಮೇಲೆ ಅನುಮಾನ. ಕೂಗುವ ದನಿ ನಡುನಡುವೆ ಒಡೆಯುತ್ತಿತ್ತು. ಗಂಗಮ್ಮನಿಗೆ ಅದು ಕೇಳಿಸಿತು, ಅವಳ ಕಣ್ಣೂ ಮಂಜಾಯಿತು. ಆದರೆ ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಗೇಟಿಗೆ ಬಂದು ನಿಂತಾಗ ಬಟ್ಟೆ ಸುತ್ತಿದ್ದರೂ ಅವಳ ಅಂಗೈ ಕೆಂಪಗೆ ಬೊಬ್ಬೆ ಎದ್ದಿತ್ತು. ಬೋರಣ್ಣ ಅದನ್ನು ನೋಡಿದ.

"ಪಿಳ್ಳಣ್ಣನಿಗೆ ಹೇಳಿ ಒಂದು ಬ್ರೇಕು ಹಾಕಿಸ್ಬೇಕು," ಎಂದ.

ಮಾರನೆಯ ದಿನ ಬೆಳಿಗ್ಗೆ ಎದುರುಮನೆಯ ಪಾರ್ವತಮ್ಮ ಮೊರ ಹಿಡಿದುಕೊಂಡು ಬಂದಳು. ಜಗಲಿ ಖಾಲಿ. ಬೋರಣ್ಣ ಒಬ್ಬನೇ ಪೇಪರ್ ಹಿಡಿದು ಕೂತಿದ್ದ, ಪೇಪರ್ ತಲೆಕೆಳಗಾಗಿತ್ತು.

"ಗಂಗಮ್ಮ ಎಲ್ಲಿ ಬೋರಣ್ಣಾ? ಅವರೆಕಾಯಿ ಸುಲಿಯಾಣ ಅಂತ ಬಂದೆ."

"ಪಾರ್ಕಿಗೆ ಹೋಗವ್ಳೆ."

"ಪಾರ್ಕಿಗಾ? ಒಬ್ಳೇನಾ? ಏನಕ್ಕೆ?"

ಬೋರಣ್ಣ ಬೀದಿಯ ತುದಿಯನ್ನೊಮ್ಮೆ ನೋಡಿದ. ಪೇಪರನ್ನು ಸರಿಯಾಗಿ ತಿರುಗಿಸಿಕೊಂಡ.

"ಸುಮ್ನೆ," ಎಂದ.